ಬೆನ್ನುಮೂಳೆಗೆ ಸಿಮೆಂಟ್: ಸಹಿ ಹಾಕುವ ಮುನ್ನ

ವಯಸ್ಸಾದಂತೆ ಮೂಳೆಯ ಸಾಂದ್ರತೆ ಕಡಿಮೆಯಾಗಿ ಅದು ದುರ್ಬಲವಾಗುವುದನ್ನು ಆಸ್ಟಿಯೋಪೊರೋಸಿಸ್ ಎನ್ನುತ್ತಾರೆ. ಮುಟ್ಟು ನಿಂತ ಮಹಿಳೆಯರಲ್ಲಿ ಇದು ಹೆಚ್ಚು. ಇಂಥವರು ಬಗ್ಗಿ ಒಂದು ಬಿಂದಿಗೆ ಎತ್ತಿದರೂ ಬೆನ್ನಿನ ಕಶೇರುಮಣಿ ಕುಸಿಯಬಹುದು. ಹೆಚ್ಚಿನವರಿಗೆ ವಿಶ್ರಾಂತಿ, ಮಾತ್ರೆ, ಬೆಲ್ಟ್‌ಗಳಿಂದ ಕೆಲವು ವಾರಗಳಲ್ಲಿ ನೋವು ಇಳಿಯುತ್ತದೆ. ಇಳಿಯದಿದ್ದಾಗ ಕೆಲವರಿಗೆ ವೈದ್ಯರು ಸಿಮೆಂಟ್ ಚಿಕಿತ್ಸೆ ಸೂಚಿಸುತ್ತಾರೆ.

ಇದು ಮನೆ ಕಟ್ಟುವ ಸಿಮೆಂಟ್ ಅಲ್ಲ. ಪಾಲಿಮೀಥೈಲ್ ಮೆಥಾಕ್ರಿಲೇಟ್ ಎಂಬ ಪ್ಲಾಸ್ಟಿಕ್ ಜಾತಿಯ ವಸ್ತು. ಎಕ್ಸ್-ರೇ ಪರದೆ ನೋಡುತ್ತಾ ಸೂಜಿಯಿಂದ ಇದನ್ನು ಮೂಳೆಯೊಳಗೆ ತುಂಬುವುದು ವರ್ಟೆಬ್ರೊಪ್ಲಾಸ್ಟಿ. 1984ರಲ್ಲಿ ಫ್ರಾನ್ಸಿನಲ್ಲಿ ಇದು ಆರಂಭವಾಯಿತು. ಮೊದಲು ಬಲೂನ್ ಊದಿ ಜಾಗ ಮಾಡಿಕೊಂಡು ತುಂಬಿದರೆ ಅದು ಕೈಫೊಪ್ಲಾಸ್ಟಿ.

ಲಾಭದ ಎದುರಿಗೆ ನಷ್ಟವನ್ನೂ ಬರೆಯಬೇಕೆಂದು ನಮ್ಮ ಅಕೌಂಟೆನ್ಸಿ ಕಲಿಸುತ್ತದೆ. ಇಲ್ಲಿನ ನಷ್ಟಗಳು ಇವು:

1. ಸೋರಿಕೆ: ಸಿಮೆಂಟ್ ಮೂಳೆಯ ಬಿರುಕಿನಿಂದ ಹೊರಬರಬಹುದು. ಬಹುಪಾಲು ಸೋರಿಕೆಯಿಂದ ತೊಂದರೆ ಕಾಣುವುದಿಲ್ಲ. ಆದರೆ ಅದು ನರಗಳ ಮೇಲೆ ಒತ್ತಿದರೆ ಕಾಲಿನ ಬಲ ಹೋಗಬಹುದು, ತುರ್ತು ಶಸ್ತ್ರಚಿಕಿತ್ಸೆ ಬೇಕಾಗಬಹುದು. ಸಿಮೆಂಟ್ ತೀರಾ ತೆಳುವಾಗಿದ್ದರೆ ಸೋರುವುದು ಹೆಚ್ಚು. ಅದಕ್ಕೇ ಟೂತ್‌ಪೇಸ್ಟ್‌ನಷ್ಟು ಗಟ್ಟಿಯಾದ ಮೇಲೆ ತುಂಬುತ್ತಾರೆ.

2. ಶ್ವಾಸಕೋಶಕ್ಕೆ ಸಾಗುವುದು: ರಕ್ತನಾಳಕ್ಕೆ ಸೇರಿದ ಚೂರು ಶ್ವಾಸಕೋಶ ತಲುಪಿ ಉಸಿರಾಟಕ್ಕೆ ಅಡ್ಡಿಯಾಗಬಹುದು. ಅಪರೂಪ, ಆದರೆ ಪ್ರಾಣಾಪಾಯ ಆಗಬಹುದು.

3. ಸೋಂಕು: ಇದೂ ಅಪರೂಪ. ಬಂದರೆ ಗಟ್ಟಿಯಾದ ಸಿಮೆಂಟನ್ನು ತೆಗೆಯುವುದು ಬಹಳ ಕಷ್ಟ.

4. ಪಕ್ಕದ ಮಣಿ ಮುರಿಯುವುದು: ಕಾರಣ ಸಿಮೆಂಟೋ ಮೂಲ ಕಾಯಿಲೆಯೋ ಎಂಬ ಚರ್ಚೆ ಇದೆ. ಏನಿದ್ದರೂ ಸಿಮೆಂಟ್ ಆಸ್ಟಿಯೋಪೊರೋಸಿಸ್ ಅನ್ನು ಗುಣಪಡಿಸುವುದಿಲ್ಲ; ಮೂಳೆ ಬಲಪಡಿಸುವ ಔಷಧಿ ಬೇರೆಯೇ ಬೇಕು.

ಲಾಭದ ಲೆಕ್ಕವೂ ಸುಲಭವಲ್ಲ. 2009ರಲ್ಲಿ ಪ್ರಕಟವಾದ ಎರಡು ಅಧ್ಯಯನಗಳಲ್ಲಿ ಕೆಲವರಿಗೆ ನಿಜವಾದ ಚಿಕಿತ್ಸೆ, ಕೆಲವರಿಗೆ ಸಿಮೆಂಟ್ ಇಲ್ಲದ ತೋರಿಕೆಯ ಚಿಕಿತ್ಸೆ ಕೊಟ್ಟರು. ನೋವು ಇಳಿದದ್ದರಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. 2016ರ ಇನ್ನೊಂದು ಅಧ್ಯಯನದಲ್ಲಿ, ಮೂಳೆ ಮುರಿದು ಆರು ವಾರದೊಳಗಿದ್ದು ತೀವ್ರ ನೋವಿದ್ದವರಿಗೆ ಪ್ರಯೋಜನ ಕಂಡಿತು.

ಇದು ನಮಗೇಕೆ? ನಮ್ಮಲ್ಲಿ ಹಲವರ ಮನೆಮಾತು ಉರ್ದು. ಆಸ್ಪತ್ರೆಯ ಒಪ್ಪಿಗೆ ಪತ್ರ ಇಂಗ್ಲಿಷಿನಲ್ಲೋ ಕನ್ನಡದಲ್ಲೋ ಇರುತ್ತದೆ. ಅದನ್ನು ಓದಿ ದಾದಿಗೆ, ನಾನಿಗೆ ತಿಳಿಸುವವರು ಕಾಲೇಜಿಗೆ ಹೋಗುವ ನಾವೇ. "ಏನೂ ಆಗಲ್ಲ, ಸಹಿ ಹಾಕಿ" ಎಂದರೆ ಅರ್ಧ ಲೆಕ್ಕ ಮುಚ್ಚಿಟ್ಟಂತೆ. ವೈದ್ಯರನ್ನು ಕೇಳೋಣ: ಮೂಳೆ ಮುರಿದು ಎಷ್ಟು ದಿನವಾಯಿತು? ಸ್ವಲ್ಪ ಕಾಯಬಹುದೇ? ಸಿಮೆಂಟ್ ಸೋರಿದರೆ ಏನು ಮಾಡುತ್ತೀರಿ? ಆಮೇಲೆ ಯಾವ ಔಷಧಿ? ಉತ್ತರವನ್ನು ಹಿರಿಯರಿಗೆ ಅವರದೇ ಭಾಷೆಯಲ್ಲಿ ಪೂರ್ತಿ ಹೇಳೋಣ. ಬೆನ್ನು ಅವರದು, ತೀರ್ಮಾನವೂ ಅವರದೇ.