ನಿಮ್ಮ ಗದ್ದೆಯ ಪಾಚಿಯಿಂದಲೇ ಭತ್ತಕ್ಕೆ ಗೊಬ್ಬರ

ಭತ್ತದ ಗದ್ದೆಯ ನೀರಿನಲ್ಲಿ ತೇಲುವ ನೀಲಿ-ಹಸಿರು ಲೋಳೆಯನ್ನು ಕಸ ಅಂದ್ಕೊಂಡಿದ್ದೀರಾ? ಅದರಲ್ಲಿರುವ ನಾಸ್ಟಾಕ್, ಅನಬೀನಾದಂಥ ಪಾಚಿಗಳು ಗಾಳಿಯ ಸಾರಜನಕ ಹಿಡಿದು ಪೈರಿಗೆ ಕೊಡುತ್ತವೆ. ವಿಜ್ಞಾನಿ ಪಿ.ಕೆ. ಡೇ 1939ರಲ್ಲೇ ಇದನ್ನು ತೋರಿಸಿದ್ದರು. ಚೆನ್ನಾಗಿ ಬೆಳೆದರೆ ಹಂಗಾಮಿಗೆ ಹೆಕ್ಟೇರಿಗೆ 20ರಿಂದ 30 ಕೆಜಿ ಸಾರಜನಕ ಸಿಗುತ್ತೆ. ಅಂದ್ರೆ ಎಕರೆಗೆ ಹತ್ತಿರತ್ತಿರ ಅರ್ಧ ಚೀಲ ಯೂರಿಯಾ.

ಹೊರಗಿನ ಪಾಚಿ ಎಷ್ಟೋ ಸಲ ನಮ್ಮ ಮಣ್ಣಿಗೆ ಒಗ್ಗಲ್ಲ. ಸ್ಥಳೀಯ ಪಾಚಿ ಮೊದಲೇ ಒಗ್ಗಿರುತ್ತೆ.

ಆರಿಸುವುದು ಹೇಗೆ?

ಟಬ್ಬಿಗೆ 1 ಕೆಜಿ ಗದ್ದೆಮಣ್ಣು, 20 ಗ್ರಾಂ ಸೂಪರ್ ಫಾಸ್ಫೇಟ್, ನಾಲ್ಕು ಇಂಚು ನೀರು ಹಾಕಿ. ಮಣ್ಣು ಹುಳಿಯಾಗಿದ್ದರೆ ಸ್ವಲ್ಪ ಸುಣ್ಣ ಸೇರಿಸಿ. ನೀರು ತಿಳಿಯಾದ ಮೇಲೆ ಗದ್ದೆಯ ಲೋಳೆ ಬಿಡಿ. ಯೂರಿಯಾ, ಸಗಣಿ ಮಾತ್ರ ಹಾಕ್ಬೇಡಿ! ಗುಟ್ಟು ಇರೋದೇ ಇಲ್ಲಿ. ಸಾರಜನಕದ ಕೊರತೆ ಇದ್ದಾಗ ತಾನೇ ತಯಾರಿಸಿಕೊಳ್ಳುವ ಪಾಚಿ ಮುಂದೆ ಬರುತ್ತೆ, ಉಳಿದವು ಸೊರಗುತ್ತವೆ. ಕೂದಲಿನಂತೆ ಎಳೆಯೆಳೆಯಾದ ಹುಲ್ಲು-ಹಸಿರು ಪಾಚಿ ಬಂದರೆ ತೆಗೆದುಹಾಕಿ. ಒಂದೇ ತಳಿಯನ್ನು ಶುದ್ಧವಾಗಿ ಬೇರ್ಪಡಿಸಲು ಮಾತ್ರ ಪ್ರಯೋಗಾಲಯ ಬೇಕು.

ಬೆಳೆಸುವುದು ಹೇಗೆ?

ಒಂದು ಟಬ್ ಪೂರ್ತಿ ಬಿಸಿಲಿಗೆ, ಇನ್ನೊಂದು ಅರೆನೆರಳಿಗೆ ಇಡಿ. ದಿನಾ ಒಂದೇ ಹೊತ್ತಿಗೆ ಮೊಬೈಲಲ್ಲಿ ಫೋಟೋ ತೆಗೀರಿ. ವಾರದಲ್ಲಿ ಯಾವುದು ದಪ್ಪಗೆ ಕಟ್ಟುತ್ತೋ ಆ ಜಾಗವೇ ಸರಿ. 25ರಿಂದ 35 ಡಿಗ್ರಿ ಉಷ್ಣತೆ ಒಳ್ಳೆಯದು.

ಆಮೇಲೆ 2 ಮೀಟರ್ ಉದ್ದ, 1 ಮೀಟರ್ ಅಗಲದ ಗುಂಡಿಗೆ ಪ್ಲಾಸ್ಟಿಕ್ ಹಾಳೆ ಹಾಸಿ, 10 ಕೆಜಿ ಮಣ್ಣು, 200 ಗ್ರಾಂ ಸೂಪರ್ ಫಾಸ್ಫೇಟ್ ಹಾಕಿ ಇದೇ ರೀತಿ ಬೆಳೆಸಿ. ಸೊಳ್ಳೆ ಮೊಟ್ಟೆ ಇಡದಂತೆ ಪರದೆ ಮುಚ್ಚಿ. ಪದರ ದಪ್ಪವಾದ ಮೇಲೆ ನೀರು ಒಣಗಲು ಬಿಡಿ, ಹಕ್ಕಳೆ ಎದ್ದಾಗ ಕೂಡಿಸಿಟ್ಟುಕೊಳ್ಳಿ.

ಬಳಕೆ

ನಾಟಿಯಾಗಿ ಒಂದು ವಾರದ ನಂತರ ಎಕರೆಗೆ 4 ಕೆಜಿ ಹಕ್ಕಳೆಯನ್ನು ನಿಂತ ನೀರಿಗೆ ಎರಚಿ. ಕೆಲವು ದಿನ ನೀರು ಬಸಿಯಬೇಡಿ.

ಎಚ್ಚರ: ಕೆಲವು ಪಾಚಿಗಳಲ್ಲಿ ವಿಷ ಇರುತ್ತೆ. ಟಬ್, ಗುಂಡಿಯ ನೀರನ್ನು ದನಕರುಗಳಿಗೆ ಕುಡಿಸಬೇಡಿ, ಮಕ್ಕಳನ್ನು ಹತ್ತಿರ ಬಿಡಬೇಡಿ.

ಮೊದಲ ವರ್ಷವೇ ಯೂರಿಯಾ ಪೂರ್ತಿ ನಿಲ್ಲಿಸಬೇಡಿ. ಒಂದು ಮಡಿಯಲ್ಲಿ ಪಾಚಿ ಹಾಕಿ ಯೂರಿಯಾ ಸ್ವಲ್ಪ ಕಡಿಮೆ ಮಾಡಿ, ಪಕ್ಕದ ಮಡಿಯನ್ನು ಎಂದಿನಂತೆ ಬಿಡಿ. ಕೊಯ್ಲಿನಲ್ಲಿ ಎರಡನ್ನೂ ಬೇರೆ ಬೇರೆ ತೂಗಿ ನೋಡಿದರೆ ನಿಮ್ಮ ಗದ್ದೆಯೇ ಉತ್ತರ ಹೇಳುತ್ತೆ.