ಕುಡಿತ ಬಿಡಿಸುವ ಚಿಕಿತ್ಸೆ: ದಂಪತಿಗಳು ತಿಳಿದಿರಬೇಕಾದ ಸಂಗತಿಗಳು



ಕುಡಿತದಿಂದ ಸಂಸಾರಕ್ಕೆ ಒದಗುವ ಕೇಡನ್ನು ನೀವು ಬಲ್ಲಿರಿ. 2007ರಲ್ಲಿ ರಾಜ್ಯದಲ್ಲಿ ಸಾರಾಯಿ ಮಾರಾಟವು ನಿಷೇಧಗೊಂಡಿತು; ಕುಡಿತದ ಚಟವು ನಿಲ್ಲಲಿಲ್ಲ. ಏಕೆಂದರೆ ಇದು ಮಿದುಳಿಗೆ ಅಂಟಿದ ಕಾಯಿಲೆ. ಇದಕ್ಕೆ ಚಿಕಿತ್ಸೆಯುಂಟು. ಆ ಚಿಕಿತ್ಸೆಗೆ ಅಡ್ಡಬರುವ ತಪ್ಪು ತಿಳುವಳಿಕೆಗಳನ್ನು ಇಲ್ಲಿ ವಿವರಿಸಲಾಗಿದೆ.

1. ‘ಆಣೆ ಮಾಡಿದರೆ ಸಾಕು’

ಹಂಪಿ ಬಜಾರಿನ ತುದಿಯಲ್ಲಿರುವ ವಿರೂಪಾಕ್ಷನ ಸನ್ನಿಧಿಯಲ್ಲಿ ಆಣೆ ಮಾಡಿ ಕುಡಿತ ಬಿಡಲು ಹೊರಡುವವರುಂಟು. ಸಂಕಲ್ಪವು ಒಳ್ಳೆಯದೇ. ಆದರೆ ವರ್ಷಗಟ್ಟಲೆ ದಿನವೂ ಕುಡಿದವರು ಒಮ್ಮೆಗೇ ಬಿಟ್ಟರೆ, 6ರಿಂದ 24 ಗಂಟೆಗಳೊಳಗೆ ಕೈನಡುಕ, ಬೆವರು, ವಾಕರಿಕೆ ತಲೆದೋರಬಹುದು. ಮೊದಲ ಎರಡು ದಿನಗಳಲ್ಲಿ ಕೆಲವರಿಗೆ ಮೂರ್ಛೆ ಬಂದು ಕೈಕಾಲು ಸೆಟೆಯಬಹುದು. ಎರಡರಿಂದ ನಾಲ್ಕು ದಿನಗಳಲ್ಲಿ ಇಲ್ಲದ್ದು ಕಂಡಂತಾಗಿ ಬಡಬಡಿಸಬಹುದು. ಇದು ಪ್ರಾಣಾಪಾಯದ ಸ್ಥಿತಿ. ‘ಗಾಳಿ ಸೋಕಿದೆ’ಯೆಂದು ಕಾಲ ಕಳೆಯದೆ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ. ನಡುಕ ತಾಳಲಾರದೆ ಮತ್ತೆ ಕುಡಿದವರನ್ನು ಆಣೆ ಮುರಿದ ಪಾಪಿಯೆಂದು ಹಳಿದರೆ, ಅವರು ನಾಚಿಕೆಯಿಂದ ವೈದ್ಯರ ಬಳಿಗೇ ಬಾರದೆ ಹೋಗುತ್ತಾರೆ. ಆದುದರಿಂದ ಕುಡಿತ ಬಿಡುವ ಮೊದಲೇ ವೈದ್ಯರನ್ನು ಕಾಣತಕ್ಕದ್ದು.

2. ‘ಗುಟ್ಟಾಗಿ ಔಷಧಿ ಬೆರೆಸಿದರೆ ಬಿಡುತ್ತಾರೆ’

ಊಟದಲ್ಲಿ ತಿಳಿಯದಂತೆ ಪುಡಿ, ಮಾತ್ರೆ ಬೆರೆಸಬೇಡಿರಿ. ಅಂತಹ ಕೆಲವು ಔಷಧಿಗಳನ್ನು ಸೇವಿಸಿದ ಮೇಲೆ ಮದ್ಯ ಕುಡಿದರೆ ರಕ್ತದೊತ್ತಡ ಕುಸಿದು ಪ್ರಾಣಕ್ಕೇ ಅಪಾಯವಾಗಬಹುದು. ರೋಗಿಯು ಅರಿತು ಒಪ್ಪಿದ ಮೇಲೆ, ವೈದ್ಯರ ಸಲಹೆಯಂತೆ ಮಾತ್ರ ಅವುಗಳನ್ನು ಕೊಡಬೇಕು.

3. ‘ಚಿಕಿತ್ಸೆ ದೊಡ್ಡ ಊರಿನಲ್ಲಿ ಮಾತ್ರ’

ಹೊಸಪೇಟೆ, ಹಂಪಿ, ಸಂಡೂರು, ಕಂಪ್ಲಿಗಳೆಲ್ಲವೂ ಬಳ್ಳಾರಿ ಜಿಲ್ಲೆಗೆ ಸೇರಿದ್ದ 1980ರ ದಶಕದಲ್ಲಿ, ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು ಈ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಕಾರ್ಯಕರ್ತರಿಗೂ ತರಬೇತಿಯಿತ್ತು, ಮಾನಸಿಕ ಕಾಯಿಲೆಗಳಿಗೆ ಹಳ್ಳಿಗೆ ಸಮೀಪದಲ್ಲೇ ಚಿಕಿತ್ಸೆ ಸಾಧ್ಯವೆಂದು ತೋರಿಸಿತು. 1996ರಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಈ ಕಾರ್ಯವೇ ಮಾದರಿಯಾಯಿತು. ಆದುದರಿಂದ ಮೊದಲು ನಿಮ್ಮ ಆರೋಗ್ಯ ಕೇಂದ್ರದಲ್ಲಿ ವಿಚಾರಿಸಿರಿ. ಟೆಲಿ ಮಾನಸ್ ಸೇವೆಯ 14416ಕ್ಕೆ ದಿನದ ಯಾವ ವೇಳೆಯಲ್ಲಾದರೂ ಉಚಿತವಾಗಿ ಕರೆ ಮಾಡಬಹುದು.

4. ‘ಹತ್ತು ದಿನ ಆಸ್ಪತ್ರೆಯಲ್ಲಿದ್ದರೆ ಮುಗಿಯಿತು’

ನಡುಕ ಇಳಿಯುವುದು ಮೊದಲ ಮೆಟ್ಟಿಲು ಮಾತ್ರ. ಅನಂತರವೂ ತಿಂಗಳುಗಟ್ಟಲೆ ವೈದ್ಯರನ್ನು ಕಾಣುತ್ತಿರಬೇಕು. ಬಟವಾಡೆಯ ದಿನ, ಜಾತ್ರೆ, ಹಳೆಯ ಕುಡಿತದ ಗೆಳೆಯರ ಕರೆ, ಇವು ಜಾರುವ ಸಂದರ್ಭಗಳು. ಕೂಲಿಯ ಹಣವನ್ನು ಅಂದೇ ನೇರವಾಗಿ ಮನೆಗೆ ತರುವಂತೆ ಇಬ್ಬರೂ ಮೊದಲೇ ಮಾತಾಡಿಕೊಳ್ಳಿರಿ. ಒಮ್ಮೆ ಜಾರಿದರೆ ಚಿಕಿತ್ಸೆ ಸೋತಿತೆಂದಲ್ಲ. ಸಕ್ಕರೆ ಕಾಯಿಲೆ ಏರಿದಾಗ ಮಾಡುವಂತೆ, ಮರುದಿನವೇ ವೈದ್ಯರಲ್ಲಿಗೆ ಹೋಗಿರಿ.

ಗಂಡನ ಕುಡಿತಕ್ಕೆ ಹೆಂಡತಿಯನ್ನು ದೂರುವುದು ಸಲ್ಲದು. ಹೊಡೆತ ಬಡಿತಗಳಿದ್ದಲ್ಲಿ ಆಕೆಯ ಹಾಗೂ ಮಕ್ಕಳ ರಕ್ಷಣೆಯೇ ಮೊದಲು. ಕುಡಿತ ಬಿಡುವ ದಿನವನ್ನು ಇಬ್ಬರೂ ಒಟ್ಟಾಗಿ ಬಂದು, ವೈದ್ಯರೊಡನೆ ಕೂಡಿಯೇ ಗೊತ್ತುಮಾಡಿರಿ.