ಉಣ್ಣಲೊಲ್ಲದ ಮರಿಜೇಡ

ಮೆಕ್ಸಿಕೊ ದೇಶದ ಪೆಸಿಫಿಕ್ ಕರಾವಳಿಯ ಒಣಕಾಡುಗಳಲ್ಲಿ ಕೆಂಪು ಮೊಣಕಾಲಿನ ಟರಾಂಟುಲವೆಂಬ ರೋಮಭರಿತ ಜೇಡವು ವಾಸಿಸುತ್ತದೆ. ಹಲವು ದೇಶಗಳಲ್ಲಿ ಇದನ್ನು ಮನೆಯಲ್ಲಿ ಸಾಕುವವರುಂಟು. ಬೆಳೆದಾಗ ಅಂಗೈಯಗಲಕ್ಕೆ ಬರುವ ಈ ಪ್ರಾಣಿಯು ಮರಿಯಾಗಿದ್ದಾಗ ಕೆಲವೇ ಮಿಲಿಮೀಟರುಗಳಷ್ಟಿರುತ್ತದೆ. ಅಂತಹ ಮರಿಯು ಇಟ್ಟ ಆಹಾರವನ್ನು ಮುಟ್ಟದಿದ್ದರೆ ಸಾಕಿದವನು ಕಳವಳಗೊಳ್ಳುವುದು ಸಹಜ. ಆದರೆ ಅವನ ಆತುರವೇ ಮರಿಗೆ ಮೃತ್ಯುವಾಗುವುದುಂಟು. ಅದು ಹೇಗೆಂಬುದನ್ನು ವಿಚಾರಿಸೋಣ.

ಮೊದಲು ಜೇಡವು ಉಣ್ಣುವ ಬಗೆಯನ್ನು ನೋಡೋಣ. ಇದಕ್ಕೆ ಎಂಟು ಕಣ್ಣುಗಳಿದ್ದರೂ ದೃಷ್ಟಿ ಮಂದ. ನೆಲದ ಕಂಪನಗಳನ್ನು ಕಾಲುಗಳಿಂದ ಗ್ರಹಿಸಿ ಬೇಟೆಯನ್ನು ಅರಿಯುತ್ತದೆ. ಕೋರೆಗಳಿಂದ ವಿಷವನ್ನು ಚುಚ್ಚಿ, ಬಾಯಿಂದ ಪಾಚಕರಸವನ್ನು ಸುರಿಸಿ, ಕರಗಿದ ಮಾಂಸವನ್ನು ಹೀರುತ್ತದೆ. ಎಂದರೆ, ನಮ್ಮಲ್ಲಿ ಹೊಟ್ಟೆಯೊಳಗೆ ನಡೆಯುವ ಪಚನವು ಜೇಡದಲ್ಲಿ ಬಹುಮಟ್ಟಿಗೆ ದೇಹದ ಹೊರಗೇ ಆರಂಭವಾಗುತ್ತದೆ. ಆದುದರಿಂದಲೇ ಸತ್ತ ಕ್ರಿಕೆಟ್ ಹುಳುವಿನ ಒಂದು ತುಂಡೂ ಎಳೆಯ ಮರಿಗೆ ಸಾಕು. ಜೀವಂತ ಹುಳುವನ್ನು ಕೊಡುವುದಾದರೆ ಅದು ಮರಿಯ ಉದರಕ್ಕಿಂತ ದೊಡ್ಡದಾಗಿರಬಾರದು. ದೊಡ್ಡ ಹುಳುವಿಗೆ ಮರಿಯೇ ಹೆದರಿ ಹಿಂಜರಿಯುತ್ತದೆ. ತಿನ್ನದೆ ಉಳಿದುದನ್ನು ಮರುದಿನವೇ ತೆಗೆಯಬೇಕು, ಇಲ್ಲವಾದರೆ ಬೂಷ್ಟು ಹಿಡಿಯುತ್ತದೆ.

ಹೀಗೆ ಮಾಡಿದರೂ ಮರಿಯು ಉಣ್ಣದಿದ್ದರೆ ಕಾರಣವೇನು? ಉದರವು ಉಬ್ಬಿ, ಕಪ್ಪಾಗಿ ಹೊಳೆಯುತ್ತಿದೆಯೇ? ಬಿಲದ ಬಾಯನ್ನು ಮಣ್ಣು, ನೂಲುಗಳಿಂದ ಮುಚ್ಚಿಕೊಂಡಿದೆಯೇ? ಹಾಗಿದ್ದರೆ ಅದು ಪೊರೆ ಕಳಚಲು ಸಿದ್ಧವಾಗುತ್ತಿದೆಯೆಂದು ತಿಳಿಯಬೇಕು. ಜೇಡದ ಹೊರಗವಚವು ಹಿಗ್ಗುವಂತಹುದಲ್ಲ. ಬೆಳೆಯಬೇಕಾದರೆ ಅದನ್ನು ಕಳಚಲೇಬೇಕು. ಕವಚದೊಡನೆ ಕೋರೆಗಳ ಹೊದಿಕೆ, ಹೀರುವ ಜಠರದ ಒಳಪದರಗಳೂ ಕಳಚಿಬರುತ್ತವೆ. ಉಣ್ಣುವ ಉಪಕರಣಗಳೇ ಹೊಸದಾಗುತ್ತಿರುವಾಗ ಊಟವೆಲ್ಲಿಂದ ಬಂದೀತು?

ಪೊರೆ ಕಳಚುವಾಗ ಟರಾಂಟುಲವು ಸಾಮಾನ್ಯವಾಗಿ ಅಂಗಾತ ಮಲಗುತ್ತದೆ. ಸತ್ತಿತೆಂದು ಭಾವಿಸಿ ಅದನ್ನು ಎಸೆದವರುಂಟು! ಆ ಹೊತ್ತಿನಲ್ಲಿ ಅದನ್ನು ಮುಟ್ಟಕೂಡದು. ಪೆಟ್ಟಿಗೆಯಲ್ಲಿ ಜೀವಂತ ಕ್ರಿಕೆಟ್ ಹುಳುವಿದ್ದರೆ ಅದು ಮೃದುವಾದ ಜೇಡವನ್ನೇ ಕಚ್ಚಿ ಕೊಲ್ಲಬಹುದು. ಹೊಸ ಕೋರೆಗಳು ಮೊದಲು ಬೆಳ್ಳಗೆ ಮೆತ್ತಗಿದ್ದು, ಕ್ರಮೇಣ ಗಟ್ಟಿಯಾಗಿ ಕಪ್ಪಾಗುತ್ತವೆ. ಸುಮಾರು ಒಂದು ವಾರ ಕಾದು, ಅನಂತರವೇ ಆಹಾರ ಕೊಡುವುದು ಯುಕ್ತ.

ಉಪವಾಸಕ್ಕಿಂತಲೂ ನೀರಿನ ಅಭಾವವು ಮರಿಗೆ ಹೆಚ್ಚು ಘಾತಕ. ಜೇಡವು ಕಾಲುಗಳನ್ನು ಚಾಚುವುದು ಮುಖ್ಯವಾಗಿ ದೇಹದ್ರವದ ಒತ್ತಡದಿಂದ. ದ್ರವವು ಕುಗ್ಗಿದರೆ ಕಾಲುಗಳು ಒಳಕ್ಕೆ ಮಡಚಿಕೊಳ್ಳುತ್ತವೆ. ಆದುದರಿಂದ ಮಣ್ಣಿನ ಒಂದು ಮೂಲೆಯನ್ನಾದರೂ ತೇವವಾಗಿಡಬೇಕು.

ಈ ಜೇಡಗಳು ಬೆಳೆಯುವುದು ಬಹು ನಿಧಾನ. ಕಾಡಿನಿಂದ ಹಿಡಿದೊಯ್ದವುಗಳ ನಷ್ಟವು ಬೇಗನೆ ತುಂಬದು. ಅದಕ್ಕಾಗಿಯೇ 1985ರಿಂದ ಇವುಗಳ ಅಂತರರಾಷ್ಟ್ರೀಯ ವ್ಯಾಪಾರವು ನಿಯಂತ್ರಣಕ್ಕೊಳಪಟ್ಟಿದೆ. ನಮ್ಮ ಪಶ್ಚಿಮ ಘಟ್ಟಗಳ ಮರದ ಪೊಟರೆಗಳಲ್ಲಿ ವಾಸಿಸುವ ಪೀಸಿಲೋತೀರಿಯ ಕುಲದ ಜೇಡಗಳಿಗೂ 2019ರಲ್ಲಿ ಅದೇ ರಕ್ಷಣೆ ದೊರಕಿತು. ಅವುಗಳನ್ನು ಹಿಡಿದು ತರದೆ, ಇದ್ದಲ್ಲಿಯೇ ನೋಡಿ ಕಲಿಯೋಣ. ಉಣ್ಣದ ಪ್ರಾಣಿಗೆ ಬಲವಂತ ಮಾಡುವ ಮೊದಲು, ಅದು ಏಕೆ ಉಣ್ಣದೆಂದು ಕೇಳುವುದೇ ವಿಜ್ಞಾನದ ಮೊದಲ ಪಾಠ.